ಮಾಹಿಷ್ಮತಿಯಿಂದ ದಾಜಿಬಾನ ಪೇಟೆಗೆ

ಹುಬ್ಬಳ್ಳಿಯಲ್ಲಿ ಗಂಡಸಿನ ಹೆಸರು ‘ಸಾ’ ಎಂದು ಮುಗಿದರೆ ಅವರು ನಮ್ಮವರು ಎಂದು ತಿಳಿಯಬಹುದು. ಹನುಮಂತಸಾ, ವಿಠ್ಠಲಸಾ, ತುಳಜಾಸಾ. ಬಾಗಲಕೋಟೆಯ ನಾರಾಯಣಸಾ ಭಾಂಡಗೆಯವರು 2024ರಲ್ಲಿ ರಾಜ್ಯಸಭೆಗೆ ಆಯ್ಕೆಯಾದಾಗ ಬೆಂಗಳೂರಿನ ನನ್ನ ಗೆಳತಿ ಫೋನ್ ಮಾಡಿ, ಪತ್ರಿಕೆಯವರು ಹೆಸರು ತಪ್ಪಾಗಿ ಅಚ್ಚು ಹಾಕಿದ್ದಾರೆಯೇ ಎಂದು ಕೇಳಿದಳು. ತಪ್ಪಲ್ಲ, ಅದು ನಮ್ಮ ಸಮಾಜದ ಗುರುತು ಎಂದೆ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಎಂಬುದು ನಮ್ಮ ಪೂರ್ತಿ ಹೆಸರು. ಊರಿನ ಬಾಯಲ್ಲಿ ಅದು ಎಸ್‌ಎಸ್‌ಕೆ. ಹಳಬರು ಪಟ್ಟೇಗಾರರು, ಪಟವೇಗಾರರು, ಖತ್ರಿಗಳು ಎನ್ನುತ್ತಿದ್ದರು. ಊಟದ ರುಚಿ ಬಲ್ಲವರು ಸಾವಜಿಗಳು ಎಂದೇ ಕರೆಯುತ್ತಾರೆ. ಗದಗ-ಬೆಟಗೇರಿ, ಬಾಗಲಕೋಟೆ, ವಿಜಯಪುರ, ಬಳ್ಳಾರಿ, ದಾವಣಗೆರೆ, ಸೋಲಾಪುರ, ಹೈದರಾಬಾದು, ಹೀಗೆ ಎಲ್ಲ ಕಡೆಗೂ ಚದುರಿದ್ದೇವೆ. ಆದರೂ ಹುಬ್ಬಳ್ಳಿಯಲ್ಲಿ ಇದ್ದಷ್ಟು ಗಟ್ಟಿಯಾಗಿ ನಾವು ಬೇರೆಡೆ ಕಾಣುವುದಿಲ್ಲ ಎಂಬುದು ನನ್ನ ನಂಬಿಕೆ.

ನಮ್ಮ ಮನೆಯಲ್ಲಿ ಮಕ್ಕಳಿಗೆ ಮೊದಲು ಹೇಳುತ್ತಿದ್ದ ಕತೆ ಕಾರ್ತವೀರ್ಯಾರ್ಜುನನದು. ನರ್ಮದೆಯ ದಂಡೆಯ ಮಾಹಿಷ್ಮತಿಯ ಅರಸ, ಸಾವಿರ ತೋಳಿನ ಸಹಸ್ರಾರ್ಜುನ, ರಾವಣನನ್ನೇ ಕಟ್ಟಿಹಾಕಿದವನು. ಜಮದಗ್ನಿಯ ಕಾಮಧೇನುವಿನ ಸಲುವಾಗಿ ಹುಟ್ಟಿದ ಹಗೆಯಲ್ಲಿ ಪರಶುರಾಮನ ಕೊಡಲಿಗೆ ಬಲಿಯಾದ. ಉಳಿದವರು ತಾಯಿ ಜಗದಂಬೆಯ ಮರೆಹೊಕ್ಕು, ಕತ್ತಿ ಕೆಳಗಿಟ್ಟು ಮಗ್ಗ ಹಿಡಿದರು ಎನ್ನುವುದು ಹಿರಿಯರ ಮಾತು. ಇಲ್ಲಿ ನನಗೆ ತೀರ ಹಿಡಿಸುವ ಸಂಗತಿಯೊಂದಿದೆ. ನಾವು ಬಂದು ನೆಲೆಸಿದ್ದು ಎಲ್ಲಮ್ಮನ ಸೀಮೆಯಲ್ಲಿ. ಸವದತ್ತಿಯ ಗುಡ್ಡದ ಎಲ್ಲಮ್ಮನೆಂದರೆ ರೇಣುಕೆ, ಜಮದಗ್ನಿಯ ಹೆಂಡತಿ, ಪರಶುರಾಮನ ಹಡೆದವ್ವ. ನಮ್ಮ ಕುಲಪುರುಷನ ಹಗೆಯ ಮನೆಯವಳು. ನನ್ನ ಅಜ್ಜಿ ಮಾತ್ರ ಭಾರತ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು, ನೆರೆಯ ಲಿಂಗಾಯತರ ಹೆಣ್ಣುಮಕ್ಕಳ ಜೋಡಿ ಚಕ್ಕಡಿ ಹತ್ತಿ ಗುಡ್ಡಕ್ಕೆ ಹೋಗುತ್ತಿದ್ದಳು. “ಆಕಿ ಮಗಾ ಏನರೆ ಮಾಡಿರವಲ್ಲನ್ಯಾಕ, ಈ ಊರಾಗ ನಮಗ ಅನ್ನಾ ಕೊಟ್ಟಾಕಿ ಆಕೀನ” ಎನ್ನುತ್ತಿದ್ದಳು. ವಲಸೆ ಬಂದವರು ಹೊಸ ನೆಲಕ್ಕೆ ಹೇಗೆ ಸೇರಿಕೊಳ್ಳುತ್ತಾರೆ ಎಂಬುದನ್ನು ಯಾವ ಇತಿಹಾಸದ ಪುಸ್ತಕಕ್ಕಿಂತ ಚೆನ್ನಾಗಿ ಈ ಮಾತು ನನಗೆ ತಿಳಿಸಿದೆ.

ನೌಕರಿಯಿಂದ ನಿವೃತ್ತಳಾದ ಮೇಲೆ ಮಧ್ಯಪ್ರದೇಶದ ಮಹೇಶ್ವರಕ್ಕೆ ಹೋಗಿದ್ದೆ. ಅದೇ ಮಾಹಿಷ್ಮತಿ ಎಂದು ನಮ್ಮವರ ನಂಬಿಕೆ. ಅಲ್ಲಿನ ರಾಜರಾಜೇಶ್ವರ ಗುಡಿ ಸಹಸ್ರಾರ್ಜುನನದು. ಒಳಗೆ 11 ನಂದಾದೀಪಗಳು ಉರಿಯುತ್ತವೆ. ಕೈಮುಗಿದೆ, ಕಣ್ಣು ತುಂಬಿತು. ಕೋಟೆಯ ಕೆಳಗೆ ಮಗ್ಗಗಳ ಸಪ್ಪಳ ಕೇಳಿಸಿದಾಗ ಇವರು ನಮ್ಮ ದಾಯಾದಿಗಳೇ ಇರಬೇಕು ಎನ್ನಿಸಿತು. ಆದರೆ ಮಹೇಶ್ವರದ ನೇಯ್ಗೆಯನ್ನು ಬೆಳೆಸಿದವಳು 18ನೆಯ ಶತಮಾನದ ಅಹಲ್ಯಾಬಾಯಿ ಹೋಳ್ಕರ್. ಬೇರೆ ಊರುಗಳಿಂದ ನೇಕಾರರನ್ನು ಕರೆಸಿ ಕೂಡ್ರಿಸಿದವಳು ಆಕೆ. ನಮ್ಮ ಮಗ್ಗಕ್ಕೂ ಆ ಮಗ್ಗಕ್ಕೂ ನಂಟು ಹಚ್ಚಲು ಆಗುವುದಿಲ್ಲ. ಪುರಾಣದ ಮಾಹಿಷ್ಮತಿಗೂ ನಮ್ಮ ಓಣಿಗೂ ನಡುವೆ ನೂರಾರು ವರ್ಷಗಳ ಖಾಲಿ ಜಾಗ ಇದೆ. ಸಮಾಜದ ಸಭೆಗಳಲ್ಲಿ ಭಾಷಣ ಮಾಡುವವರು ಆ ಖಾಲಿಯನ್ನು ಒಂದೇ ಜಿಗಿತಕ್ಕೆ ದಾಟುತ್ತಾರೆ. ಕುಲಪುರುಷನ ಬಗ್ಗೆ ನನಗೂ ಭಕ್ತಿ ಇದೆ. ಆದರೆ ನಮ್ಮ ಅಜ್ಜ-ಮುತ್ತಜ್ಜಂದಿರು ನಡೆದು ಬಂದ ದಾರಿ ಅದಕ್ಕಿಂತ ಕಡಿಮೆ ಪೂಜ್ಯವೇನಲ್ಲ.

ಆ ದಾರಿಯ ಕೊನೆಯ ತುಣುಕು ಮಾತ್ರ ನಮ್ಮ ಮನೆತನದ ನೆನಪಿನಲ್ಲಿದೆ. ಮುತ್ತಜ್ಜ ಸೋಲಾಪುರದ ಕಡೆಯಿಂದ ಬೆಟಗೇರಿಗೆ ಬಂದವನು, ಅಜ್ಜ ಬೆಟಗೇರಿಯಿಂದ ಹುಬ್ಬಳ್ಳಿಗೆ. ಯಾಕೆ ಬಂದರು ಎಂದರೆ ಮನೆಯಲ್ಲಿ “ಬರಾ ಬಿತ್ತು” ಎಂಬ ಎರಡೇ ಶಬ್ದ ಉಳಿದಿದ್ದವು. 1876ರಿಂದ 78ರವರೆಗಿನ ಮಹಾ ಕ್ಷಾಮದಲ್ಲಿ ಸೋಲಾಪುರ, ಕಲಾದಗಿ, ಧಾರವಾಡ ಜಿಲ್ಲೆಗಳೆಲ್ಲ ಬೆಂದುಹೋದವು. ಬರದಲ್ಲಿ ರೈತನಿಗೆ ಬೆಳೆ ಹೋಗುತ್ತದೆ, ನೇಕಾರನಿಗೆ ಗಿರಾಕಿಯೇ ಹೋಗುತ್ತಾನೆ. ಹೊಟ್ಟೆಗಿಲ್ಲದವರು ರೇಷ್ಮೆ ಯಾಕೆ ಕೊಂಡಾರು? ಆ ಮೇಲೆ 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಸೋಲಾಪುರದ ಹತ್ತಿರದ ಹೋಟಗಿಯಿಂದ ವಿಜಯಪುರದ ಮೇಲೆ ಹಾದು ಗದಗಿಗೆ ಬಂತು. ಮರುವರ್ಷ ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ಸುರುವಾಯಿತು. ಸೋಲಾಪುರ, ವಿಜಯಪುರ, ಬಾಗಲಕೋಟೆ, ಗದಗ, ಹುಬ್ಬಳ್ಳಿ: ನಮ್ಮ ಸಮಾಜದ ಬೀಗರು ಇರುವ ಊರುಗಳನ್ನು ಒಂದು ಕಾಗದದ ಮೇಲೆ ಬರೆದರೆ ಆ ರೈಲಿನ ವೇಳಾಪಟ್ಟಿಯೇ ಆಗುತ್ತದೆ. ನಮ್ಮವರು ರೈಲಿಗಿಂತ ಮೊದಲೇ ಈ ಊರುಗಳಲ್ಲಿ ಇದ್ದರು, ನಿಜ. ಆದರೆ ಹೆಣ್ಣು ಕೊಟ್ಟು ತರುವ ನಂಟನ್ನು ಬಿಗಿ ಮಾಡಿದ್ದು ಆ ಮೀಟರ್ ಗೇಜ್ ಗಾಡಿ. ನನ್ನ ಅವ್ವ ಮದುವೆಯಾಗಿ ಬಂದದ್ದೂ ಅದರಲ್ಲೇ.

ಬೆಟಗೇರಿಯ ಮನೆಯಲ್ಲಿ ಕುಣಿಮಗ್ಗ ಇತ್ತು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಜ್ಜ ಕೂಡುತ್ತಿದ್ದ. ಬೇಸಿಗೆಯಲ್ಲೂ ಕಾಲು ತಣ್ಣಗೆ ಇರುತ್ತಿದ್ದವಂತೆ; ಮಳೆಗಾಲದಲ್ಲಿ ಕೀಲು ಹಿಡಿಯುತ್ತಿದ್ದವು. ಮಡಿ, ಪೀತಾಂಬರ, ಇಳಕಲ್ ಮಾದರಿಯ ಸೀರೆ ಅವನ ಕೈಯಲ್ಲಿ ಆಗುತ್ತಿದ್ದವು. ಇಳಕಲ್ ಸೀರೆಯ ಕಸುಬು ಗೊತ್ತಿದ್ದವರಿಗೆ ಅದರ ಕಷ್ಟ ಗೊತ್ತು. ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಒಂದು ಎಳೆ ತಪ್ಪಿದರೂ ಸೆರಗಿನ ಅಂಚಿನಲ್ಲಿ ಅದು ಕಾಣುತ್ತದೆ. ಈ ಕೊಂಡಿ ಹಾಕುವ ಕೆಲಸ ನಮ್ಮ ಮನೆಯಲ್ಲಿ ಹೆಂಗಸರದಾಗಿತ್ತು. ರಾಟಿ ತಿರುವಿ ಕಂಡಿಕೆ ಸುತ್ತುವುದೂ ಅವರದೇ. ನೇಕಾರ ಎಂದರೆ ಲಾಳಿ ಒಗೆಯುವ ಗಂಡಸು ಎಂದು ಎಲ್ಲರೂ ಬರೆಯುತ್ತಾರೆ. ಅಜ್ಜಿಯ ಬಲಗೈಯ ತೋರುಬೆರಳಿನಲ್ಲಿ ದಾರ ಹರಿದು ಆಗಿದ್ದ ಗೀರು ಕೊನೆತನಕ ಮಾಯಲಿಲ್ಲ. ಆ ಬೆರಳನ್ನು ಹಿಡಿದುಕೊಂಡೇ ನಾನು ಶಾಲೆಗೆ ಹೋದವಳು. ನೇಯ್ಗೆಯ ಇತಿಹಾಸ ಬರೆಯುವವರು ಆ ಬೆರಳನ್ನು ಲೆಕ್ಕಕ್ಕೆ ಹಿಡಿಯಬೇಕು.

ವಿದ್ಯುತ್ ಮಗ್ಗ ಬಂತು, ಕೃತಕ ರೇಷ್ಮೆ ಬಂತು. ಕೈಮಗ್ಗದ ಕೂಲಿ ಮನೆ ಸಾಗಿಸಲಿಲ್ಲ. ಹುಬ್ಬಳ್ಳಿಗೆ ಬಂದ ಮೇಲೆ ಅಜ್ಜ ಬಟ್ಟೆ ಅಂಗಡಿಯ ಗುಮಾಸ್ತನಾದ. ದೊಡ್ಡ ಕಾಕಾ ಮಾತ್ರ ಮನೆಯ ಮುಂದಿನ ಖೋಲಿಯಲ್ಲಿ ನಾಲ್ಕು ಮಣೆ ಹಾಕಿ ಖಾನಾವಳಿ ತೆಗೆದರು.

ಸಾವಜಿ ಖಾನಾವಳಿಗಳ ಬಗ್ಗೆ ಈಗ ಊರವರೆಲ್ಲ ಮಾತಾಡುತ್ತಾರೆ. ಅದರ ಹಿಂದಿನ ಅಡುಗೆಮನೆಯ ಬಗ್ಗೆ ಮಾತಾಡುವವರು ಕಡಿಮೆ. ಮಾಂಸ ನಮ್ಮಲ್ಲಿ ಹಬ್ಬದ ಊಟ, ದೇವಿಯ ನೈವೇದ್ಯ. ಒಣಕೊಬ್ಬರಿ, ಗಸಗಸೆ, ಲವಂಗ, ದಾಲ್ಚಿನ್ನಿಯನ್ನು ಬೇರೆಬೇರೆಯಾಗಿ ಹುರಿಯಬೇಕು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಇನ್ನೊಂದು ಜಾತಿಯದು. ಮಸಾಲೆ ಒಳಕಲ್ಲಿನಲ್ಲಿ ನುಣ್ಣಗಾಗುವವರೆಗೆ ಅವ್ವ ಮತ್ತು ಕಾಕು ಸರದಿಯ ಮೇಲೆ ರುಬ್ಬುತ್ತಿದ್ದರು. ಮೇಲೆ ಕೆಂಪು ಎಣ್ಣೆ ತೇಲುವ ರಸ, ಖೀಮಾ ಉಂಡಿ, ಬಿಸಿ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ನಿಂಬಿಹಣ್ಣಿನ ಹೋಳು. ರೊಟ್ಟಿ ನೋಡಿ! ನರ್ಮದೆಯ ದಂಡೆಯಿಂದ ಬಂದೆವೆನ್ನುವವರ ತಾಟಿನಲ್ಲಿ ಧಾರವಾಡ ಸೀಮೆಯ ಜೋಳ. ರೈಲ್ವೆ ಕಾರ್ಖಾನೆಯ ಕೆಲಸಗಾರರು, ಅರಳಿ ಪೇಟೆಗೆ ಹತ್ತಿ ತಂದ ರೈತರು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ನಾಗಪುರದಲ್ಲೂ ಸಾವಜಿ ಊಟ ಹೆಸರಾಗಿದೆ, ಆದರೆ ಅದು ಹಲಬಾ ಕೋಷ್ಟಿಗಳದು. ಅವರೂ ನೇಕಾರರೇ. ಮಗ್ಗ ನಿಂತಾಗ ಮನೆಯ ಹೆಂಗಸರ ಅಡುಗೆಯೇ ಮನೆತನವನ್ನು ಎತ್ತಿ ಹಿಡಿದದ್ದನ್ನು ನಾನು ನನ್ನ ಮನೆಯಲ್ಲೇ ಕಂಡವಳು. ಅವ್ವನ ಹೆಸರು ಆ ಖಾನಾವಳಿಯ ಫಲಕದ ಮೇಲೆ ಎಂದೂ ಬರಲಿಲ್ಲ.

ಗಲ್ಲೆಯ ಮೇಲೆ ಕೂತ ಕಾಕಾ ಗಿರಾಕಿಗಳೊಂದಿಗೆ ಕನ್ನಡ, ಸೋಲಾಪುರದ ವ್ಯಾಪಾರಿಯೊಂದಿಗೆ ಮರಾಠಿ ಆಡಿ, ಒಳಗೆ ತಿರುಗಿ ಅಡುಗೆಮನೆಗೆ ನಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದರು. ಗುಜರಾತಿ, ರಾಜಸ್ಥಾನಿಗಳ ಕಡೆಯ ನುಡಿ ಅದು; ದಾರಿಯುದ್ದಕ್ಕೂ ಮರಾಠಿ, ಕನ್ನಡ ಶಬ್ದಗಳನ್ನು ತುಂಬಿಕೊಂಡು ಬಂದಿದೆ. ಅದಕ್ಕೆ ತನ್ನದೇ ಲಿಪಿ ಇಲ್ಲ. ಅಜ್ಜನ ಲೆಕ್ಕದ ವಹಿಗಳು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿವೆ. ಅವು ನನ್ನ ಕಪಾಟಿನಲ್ಲಿವೆ, ಓದಬಲ್ಲವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಅಪ್ಪ ಕನ್ನಡ ಶಾಲೆಯಲ್ಲಿ ಕಲಿತರು, ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದೆ, ನನ್ನ ಮೊಮ್ಮಕ್ಕಳು ಪುಣೆಯಲ್ಲಿ ಇಂಗ್ಲಿಷಿನಲ್ಲಿ ಜಗಳಾಡುತ್ತಾರೆ. ಮನೆಮಾತು ಅವರಿಗೆ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ.

ಯುರೋಪಿನ ಲಿಥುವೇನಿಯಾದ ಸಂಗತಿ ಓದಿದಾಗಿನಿಂದ ಮನೆಮಾತಿನ ಈ ಅವಸ್ಥೆ ನನ್ನನ್ನು ಇನ್ನಷ್ಟು ಕಾಡುತ್ತಿದೆ. ರಷ್ಯದ ಝಾರನ ಸರ್ಕಾರ 1864ರಿಂದ 1904ರವರೆಗೆ ಆ ಜನರ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಹಾಕಲು ಬಿಡಲಿಲ್ಲ. ಪಕ್ಕದ ಪ್ರಷ್ಯದಲ್ಲಿ ಅಚ್ಚಾದ ಪುಸ್ತಕಗಳನ್ನು ಹಳ್ಳಿಗರು ಬೆನ್ನ ಮೇಲೆ ಹೊತ್ತು, ಗಡಿ ಕಾಯುವವರ ಕಣ್ಣು ತಪ್ಪಿಸಿ ತಂದರು. ಸಿಕ್ಕಿಬಿದ್ದವರಲ್ಲಿ ಕೆಲವರು ಸೈಬೀರಿಯಕ್ಕೆ ಗಡೀಪಾರಾದರು. ಅಮೆರಿಕದ ಕಲ್ಲಿದ್ದಲ ಗಣಿಗಳಿಗೆ, ಶಿಕಾಗೋಕ್ಕೆ ಕೂಲಿಗೆ ಹೋದ ಲಿಥುವೇನಿಯನ್ನರೂ ಅಲ್ಲಿ ತಮ್ಮ ಭಾಷೆಯ ಪತ್ರಿಕೆ ನಡೆಸಿದರು. ನಮ್ಮ ಮನೆಮಾತನ್ನು ಯಾವ ಸರ್ಕಾರವೂ ನಿಷೇಧಿಸಿಲ್ಲ. ಕನ್ನಡ ನಾಡು ನಮ್ಮನ್ನು ಎಂದೂ ಹೊರಗಿನವರೆಂದು ನೋಡಲಿಲ್ಲ. ಮನೆಮಾತನ್ನು ಬಿಡುತ್ತಿರುವವರು ನಾವೇ, ಯಾರ ಒತ್ತಾಯವೂ ಇಲ್ಲದೆ.

ಹುಬ್ಬಳ್ಳಿಯ ದಾಜಿಬಾನ ಪೇಟೆಯ ತುಳಜಾಭವಾನಿ ಗುಡಿಯಲ್ಲಿ ನವರಾತ್ರಿಗೆ ಇಡೀ ಸಮಾಜ ಸೇರುತ್ತದೆ. ಕಾರ್ತಿಕ ಶುದ್ಧ ಸಪ್ತಮಿಗೆ ಸಹಸ್ರಾರ್ಜುನ ಜಯಂತಿಯ ಮೆರವಣಿಗೆ ಹೊರಡುತ್ತದೆ. ಅಲ್ಲಿ ಸೇರುವ ಹುಡುಗ-ಹುಡುಗಿಯರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ 80 ದಾಟಿದ ಹಿರಿಯರಿದ್ದರೆ ಈ ವಾರವೇ ಅವರ ಎದುರು ಫೋನ್ ಇಟ್ಟು ಕೂಡಿರಿ. ಯಾವ ಊರಿಂದ ಬಂದರು, ಮಗ್ಗ ಯಾವಾಗ ನಿಂತಿತು, ಅಡುಗೆ ಯಾರಿಂದ ಕಲಿತರು ಎಂದು ಕೇಳಿರಿ. ಉತ್ತರವನ್ನು ಮನೆಮಾತಿನಲ್ಲೇ ಹೇಳಿಸಿರಿ. ಆ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದಿಡಿರಿ, ನಮ್ಮ ನುಡಿಗೆ ಅದು ಚೆನ್ನಾಗಿ ಹೊಂದುತ್ತದೆ. ಹಳೆಯ ಮೋಡಿ ವಹಿಗಳಿದ್ದರೆ ರದ್ದಿಗೆ ಹಾಕದೆ, ಓದಬಲ್ಲವರನ್ನು ಹುಡುಕಿ ತೋರಿಸಿರಿ. ಮುಖ್ಯವಾಗಿ ಅಜ್ಜಿಯರನ್ನು ಮೊದಲು ಕೇಳಿರಿ.