ಲೀ-ಎನ್‌ಫೀಲ್ಡ್ ರೈಫಲ್: ಶುಚಿ ಮತ್ತು ಮರುಜೋಡಣೆ

ಬ್ರಿಟಿಷ್ ಮತ್ತು ಭಾರತೀಯ ಸೇನೆಗಳು ಎರಡೂ ಮಹಾಯುದ್ಧಗಳಲ್ಲಿ ಬಳಸಿದ .303 ಬೋರಿನ ಬಂದೂಕು. ಬಂಗಾಳದ ಇಶಾಪುರದಲ್ಲೂ ತಯಾರಾಗುತ್ತಿತ್ತು. ಹಳೆಯ ತೋಟಾ ಸಿಡಿದಾಗ ಉಳಿಯುವ ಲವಣ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಬರೀ ಎಣ್ಣೆಗೆ ಅದು ಜಗ್ಗದು. ಹಾಗಾಗಿ ಸಿಪಾಯಿಗಳು ನಳಿಗೆಗೆ ಕುದಿನೀರು ಹೊಯ್ದು, ಒಣಗಿಸಿ, ಬಳಿಕವೇ ಎಣ್ಣೆ ಸವರುತ್ತಿದ್ದರು. ಎಣ್ಣೆಬುಡ್ಡಿ, ಬಟ್ಟೆ ಎಳೆಯುವ ಹುರಿ ಎರಡೂ ಬಟ್ಟಿನ (ಬಂದೂಕಿನ ಹಿಂಬದಿಯ ಮರದ ಹಿಡಿಯ) ಒಳಗಿನ ಗೂಡಿನಲ್ಲೇ ಇರುತ್ತಿದ್ದವು.

ಮರುಜೋಡಣೆಯಲ್ಲಿ ಬೋಲ್ಟಿನ ತಲೆಯನ್ನು ಪೂರ್ತಿ ತಿರುಗಿಸಿ ಕೂರಿಸಬೇಕು. ಬೋಲ್ಟನ್ನು ಆಯಾ ಬಂದೂಕಿಗೇ ಹೊಂದಿಸಿ ಎರಡರ ಮೇಲೂ ಒಂದೇ ಸಂಖ್ಯೆ ಒತ್ತಿರುತ್ತಾರೆ. ಅದಲುಬದಲಾದರೆ ತೋಟಾ ಸರಿಯಾಗಿ ಬಿಗಿಯದೆ ಹಾರಿಸುವವನಿಗೇ ಅಪಾಯವಾಗಬಹುದು. 1907ರ ಮಾರ್ಕ್ 3 ಮಾದರಿಯಲ್ಲಂತೂ ಮುಂಭಾಗದ ಮರ ಬಿಚ್ಚದೆ ಬಟ್ಟಿನ ತಿರುಪಿಗೆ ಕೈಹಾಕಬಾರದು, ಮರ ಸೀಳುತ್ತದೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕು ರಿಪೇರಿಯ ಕಸುಬಿಗೂ ಪರವಾನಗಿ ಬೇಕು.