ವ್ಯಾಕರಣೀಕರಣ

ವ್ಯಾಕರಣೀಕರಣ ಎಂಬುದು ಸ್ವತಂತ್ರ ಅರ್ಥವುಳ್ಳ ಪದವೊಂದು ಕಾಲಕ್ರಮದಲ್ಲಿ ಪ್ರತ್ಯಯ, ಅವ್ಯಯ ಅಥವಾ ಸಹಾಯಕ ಕ್ರಿಯಾಪದದಂತಹ ವ್ಯಾಕರಣ ಸೂಚಕವಾಗಿ ಮಾರ್ಪಡುವ ಪ್ರಕ್ರಿಯೆ. ಈಗಾಗಲೇ ಸೂಚಕವಾಗಿರುವ ರೂಪವು ಮತ್ತಷ್ಟು ಅಮೂರ್ತವಾದ ಅರ್ಥವನ್ನು ಪಡೆಯುವುದೂ ಇದರಲ್ಲಿ ಸೇರುತ್ತದೆ. ಪರಸ್ಪರ ಸಂಬಂಧವಿಲ್ಲದ ಭಾಷೆಗಳಲ್ಲಿಯೂ ಈ ಬದಲಾವಣೆಯು ಒಂದೇ ಬಗೆಯ ಹಾದಿಗಳನ್ನು ಹಿಡಿಯುವುದು ಗಮನಾರ್ಹ.

ಪರಿಕಲ್ಪನೆಯ ಇತಿಹಾಸ

ಫ್ರಾನ್ಸಿನ ಭಾಷಾವಿಜ್ಞಾನಿ ಆಂತ್ವಾನ್ ಮೆಯ್ಯೆ 1912ರ ತಮ್ಮ ಲೇಖನದಲ್ಲಿ ಈ ಪರಿಭಾಷೆಯನ್ನು ಬಳಕೆಗೆ ತಂದರು. ಅದಕ್ಕೂ ಮೊದಲು, 1891ರಲ್ಲಿ, ಜರ್ಮನಿಯ ಗೆಯೋರ್ಗ್ ಫಾನ್ ಡೆರ್ ಗಾಬೆಲೆಂಟ್ಸ್ ಅವರು ಸವೆದುಹೋದ ರೂಪಗಳ ಸ್ಥಾನಕ್ಕೆ ಹೊಸವು ಬರುತ್ತಲೇ ಇರುವುದನ್ನು ಸುರುಳಿಗೆ ಹೋಲಿಸಿದ್ದರು. ಪಾಲ್ ಹಾಪರ್ ಮತ್ತು ಎಲಿಜಬೆತ್ ಟ್ರಾಗಟ್ ಅವರ 1993ರ ಗ್ರಂಥವು ಈ ವಿಷಯದ ಪ್ರಮುಖ ಪಠ್ಯಗಳಲ್ಲಿ ಒಂದು.

ಅರ್ಥ ಬದಲಾಗುವ ಬಗೆ

ಮೊದಲಿಗೆ ಪದವು ತನ್ನ ಮೂಲಾರ್ಥಕ್ಕೂ ಹೊಸ ಅರ್ಥಕ್ಕೂ ಎಡೆಯಿರುವ ಸಂದರ್ಭಗಳಲ್ಲಿ ಬಳಕೆಯಾಗುತ್ತದೆ. ಇಂಗ್ಲಿಷಿನ 'ಗೋಯಿಂಗ್ ಟು' ಎಂಬುದು ಯಾವುದೋ ಕೆಲಸಕ್ಕಾಗಿ ಹೊರಟಿರುವುದನ್ನು ಹೇಳುತ್ತಿತ್ತು. ಹೊರಟವನಿಗೆ ಉದ್ದೇಶವಿರುವುದು ಸಹಜವಾದ್ದರಿಂದ ಅದು ಉದ್ದೇಶವನ್ನೂ, ಮುಂದೆ ಭವಿಷ್ಯತ್ಕಾಲವನ್ನೂ ಸೂಚಿಸತೊಡಗಿತು. ಈಗ ಮಳೆ ಬರಲಿದೆ ಎನ್ನುವುದಕ್ಕೂ ಅದನ್ನೇ ಬಳಸುತ್ತಾರೆ. ಅಲ್ಲಿ ನಡಿಗೆಯೂ ಇಲ್ಲ, ಉದ್ದೇಶವೂ ಇಲ್ಲ. ಅರ್ಥದೊಡನೆ ಧ್ವನಿಯೂ ಸವೆದು, ಆಡುಮಾತಿನಲ್ಲಿ ಅದು 'ಗೊನ್ನ' ಎಂದಾಗಿದೆ.

ಸಾಮಾನ್ಯ ಹಾದಿಗಳು

ಬಯಕೆಯಿಂದ ಭವಿಷ್ಯತ್ತು: ಇಂಗ್ಲಿಷಿನ 'ವಿಲ್' ಮೂಲತಃ ಬಯಸುವುದನ್ನು ಹೇಳುವ ಕ್ರಿಯಾಪದ. ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿಯೂ 'ಬಯಸು' ಎಂಬ ಅರ್ಥದ 'ತಾಕಾ' ಎಂಬುದರಿಂದ ಭವಿಷ್ಯತ್ಕಾಲದ 'ತಾ' ಬಂದಿದೆ.

ನಾಮಪದದಿಂದ ನಿಷೇಧ: ಫ್ರೆಂಚಿನ 'ಪಾ' ಎಂದರೆ ಹೆಜ್ಜೆ. 'ಒಂದು ಹೆಜ್ಜೆಯೂ ನಡೆಯಲಿಲ್ಲ' ಎಂಬಂತೆ ನಿಷೇಧಕ್ಕೆ ಒತ್ತು ಕೊಡಲು ಬಂದ ಈ ಪದವು ಕ್ರಮೇಣ ನಿಷೇಧದ ಅಂಗವೇ ಆಯಿತು. ಇಂದಿನ ಆಡುಮಾತಿನಲ್ಲಿ ಹಳೆಯ ನಿಷೇಧ ಸೂಚಕವಾದ 'ನ' ಬಿಟ್ಟುಹೋಗಿ 'ಪಾ' ಒಂದೇ ಉಳಿಯುವುದುಂಟು. ಇಂತಹ ಚಕ್ರವನ್ನು ಡೆನ್ಮಾರ್ಕಿನ ಒಟ್ಟೊ ಯೆಸ್ಪರ್ಸನ್ 1917ರಲ್ಲಿ ವಿವರಿಸಿದರು.

ಹೇಳುವಿಕೆಯಿಂದ ಜೋಡಣೆ: ಕನ್ನಡದ 'ಎಂದು', ತೆಲುಗಿನ 'ಅನಿ', ಮರಾಠಿಯ 'ಮ್ಹಣೂನ್', ಪಶ್ಚಿಮ ಆಫ್ರಿಕಾದ ಎವೆ ಭಾಷೆಯ 'ಬೆ' ಇವೆಲ್ಲವೂ 'ಹೇಳು' ಎಂಬ ಅರ್ಥದ ಧಾತುಗಳಿಂದ ಬಂದು ವಾಕ್ಯಗಳನ್ನು ಜೋಡಿಸುವ ಸೂಚಕಗಳಾಗಿವೆ.

ಕನ್ನಡದಲ್ಲಿ

'ಬರುತ್ತೇನೆಂದು ಹೇಳಿದನು' ಎಂಬಲ್ಲಿ 'ಎಂದು' ತನ್ನ ಮೂಲಾರ್ಥಕ್ಕೆ ಹತ್ತಿರವಿದೆ. 'ಮಳೆ ಬರುತ್ತದೆಂದು ಕೊಡೆ ಹಿಡಿದನು' ಎಂಬಲ್ಲಿ ಯಾರೂ ಏನನ್ನೂ ಹೇಳಿಲ್ಲ. ಅದು ಕಾರಣವನ್ನಷ್ಟೇ ಸೂಚಿಸುತ್ತದೆ.

ಸಹಾಯಕ ಕ್ರಿಯಾಪದಗಳಲ್ಲಿ ಈ ಬದಲಾವಣೆ ಇನ್ನೂ ಸ್ಪಷ್ಟ. 'ಕೊಳ್ಳು' ಎಂದರೆ ತೆಗೆದುಕೊಳ್ಳು, ಬೆಲೆಕೊಟ್ಟು ಪಡೆ ಎಂದರ್ಥ. ಆದರೂ 'ಮನೆ ಮಾರಿಕೊಂಡನು' ಎನ್ನಬಹುದು. ಏಕೆಂದರೆ ಇಲ್ಲಿ ಅದು ಕ್ರಿಯೆಯು ಕರ್ತೃವಿಗೇ ಸಂಬಂಧಿಸಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. 'ಕೊಂಡುಕೊಂಡನು' ಎಂಬಲ್ಲಿ ಒಂದೇ ಧಾತುವಿನ ಹಳೆಯ ಅರ್ಥವೂ ಹೊಸ ಕಾರ್ಯವೂ ಅಕ್ಕಪಕ್ಕದಲ್ಲಿವೆ. 'ಹಿಡಿದುಬಿಟ್ಟನು' ಎಂಬಲ್ಲಿ 'ಬಿಡು' ಕೈಬಿಡುವುದನ್ನು ಹೇಳದೆ ಕ್ರಿಯೆಯ ಪೂರ್ಣತೆಯನ್ನು ಹೇಳುತ್ತದೆ. 'ಅನುಭವಿಸು' ಎಂಬ ಅರ್ಥದ 'ಪಡು' ಧಾತುವು 'ಬರೆಯಲ್ಪಟ್ಟಿತು' ಮೊದಲಾದ ಕರ್ಮಣಿ ರೂಪಗಳನ್ನು ನೀಡಿದೆ.

ವಿಭಕ್ತಿ ಪ್ರತ್ಯಯಗಳೂ ಸ್ಥಿರವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ಸಪ್ತಮಿಯ ಪ್ರತ್ಯಯ 'ಒಳ್'. ಹಳಗನ್ನಡದ 'ಮನೆಯೊಳ್' ಇಂದು 'ಮನೆಯಲ್ಲಿ' ಆಗಿದೆ. ಸ್ಥಳವಾಚಕವಾದ 'ಅಲ್ಲಿ' ಈಗ 'ಮಾತಿನಲ್ಲಿ', 'ನಂಬಿಕೆಯಲ್ಲಿ' ಎಂಬಂತೆ ಸ್ಥಳದ ಭಾವವೇ ಇಲ್ಲದ ಕಡೆಗಳಲ್ಲಿಯೂ ಸಲ್ಲುತ್ತದೆ. ದೇಹದ ಅಂಗವನ್ನು ಹೆಸರಿಸುವ 'ಬೆನ್ನು' ಪತ್ರಿಕೆಗಳ ಭಾಷೆಯಲ್ಲಿ 'ಘೋಷಣೆಯ ಬೆನ್ನಲ್ಲೇ' ಎಂಬಂತೆ ಕಾಲವಾಚಕವಾಗುತ್ತಿರುವುದು ಇದೇ ದಾರಿಯ ಆರಂಭದ ಹಂತ.

ವಿಮರ್ಶೆ

ಪದದಿಂದ ಪ್ರತ್ಯಯದ ಕಡೆಗಿನ ಚಲನೆ ಹಿಂತಿರುಗುವುದಿಲ್ಲ ಎಂಬ ಏಕಮುಖತೆಯ ವಾದಕ್ಕೆ ಅಪವಾದಗಳಿವೆ. ಐರಿಷ್ ಭಾಷೆಯಲ್ಲಿ 'ನಾವು' ಎಂಬ ಅರ್ಥದ 'ಮುಜ್' ಎಂಬ ಸರ್ವನಾಮವು ಕ್ರಿಯಾಪದದ ಪ್ರತ್ಯಯದಿಂದ ಹುಟ್ಟಿದೆ. ವ್ಯಾಕರಣೀಕರಣವು ಪ್ರತ್ಯೇಕ ಪ್ರಕ್ರಿಯೆಯಲ್ಲ, ಅರ್ಥ ಮತ್ತು ಧ್ವನಿಗಳ ಸಾಮಾನ್ಯ ಬದಲಾವಣೆಗಳ ಒಟ್ಟು ಫಲ ಎಂಬುದು ಫ್ರೆಡರಿಕ್ ನ್ಯೂಮೈಯರ್ ಮೊದಲಾದವರ ಅಭಿಪ್ರಾಯ.

ಮಹತ್ವ

ಶಾಸನಗಳನ್ನೂ ಪ್ರಾಚೀನ ಕಾವ್ಯಗಳನ್ನೂ ಓದುವಾಗ ಇಂದಿನ ಸೂಚಕದ ಅರ್ಥವನ್ನು ಹಿಂದಿನ ರೂಪದ ಮೇಲೆ ಹೇರದಿರಲು ಈ ತಿಳಿವಳಿಕೆ ಅಗತ್ಯ. ಹೊಸ ಬಳಕೆಗಳನ್ನು ಭಾಷೆಯ ಕೆಡುಕು ಎಂದು ಎಣಿಸುವ ವಾಡಿಕೆಯನ್ನೂ ಇದು ಮರುಪರಿಶೀಲನೆಗೆ ಒಡ್ಡುತ್ತದೆ. ಇಂದು ಶುದ್ಧವೆಂದು ಪಾಠ ಹೇಳುವ 'ಮನೆಯಲ್ಲಿ', 'ಬಂದಿದ್ದಾನೆ' ಎಂಬ ರೂಪಗಳೂ ಇಂತಹ ಬದಲಾವಣೆಯಿಂದಲೇ ಮೂಡಿದವು.