ಪಂಚರಿಲ್ಲದ ಪಂದ್ಯ

ನಮ್ಮ ಹತ್ತರಗಿ ಕಡೆ ಜಾತ್ರೆ ಅಂದ್ರೆ ಕುಸ್ತಿ ಇರಬೇಕು, ತೆರಬಂಡಿ ಇರಬೇಕು. ಯಾರು ಚಿತ್ ಆದರು, ಯಾವ ಜೋಡಿ ಎತ್ತು ಎಷ್ಟು ದೂರ ಎಳೀತು ಅಂತ ತಕರಾರು ಎದ್ದರೆ ತೀರ್ಪು ಹೇಳೋಕೆ ಪಂಚರಿದ್ದಾರೆ. ಅವರು ತಪ್ಪಿದರೆ ಕೂಗಿ ಹೇಳೋಕೆ ಸುತ್ತ ಊರೇ ನಿಂತಿರುತ್ತೆ.

ಈಗ ಇನ್ನೊಂದು ಥರದ ಪಂದ್ಯ ಊಹಿಸಿಕೊಳ್ಳಿ. ಆಡುವವರು ಸಾವಿರಾರು ಜನ, ಒಬ್ಬೊಬ್ಬರೂ ಒಂದೊಂದು ದೇಶದಲ್ಲಿ, ಅವರವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. 48 ಗಂಟೆ ಆಟ. ಮುಗಿದ ಮೇಲೆ "ನಾನು ಇಷ್ಟು ಅಂಕ ಗಳಿಸಿದೆ" ಅಂತ ತಾವೇ ಬರೆದು ಕಳಿಸಬೇಕು. ಬಹುಮಾನ ಒಂದು ಸರ್ಟಿಫಿಕೇಟು, ಹೆಚ್ಚೆಂದರೆ ಒಂದು ಫಲಕ. ದುಡ್ಡಿಲ್ಲ. ಆದರೂ ಇದರ ನಿಯಮಗಳ ಬಗ್ಗೆ ನಡೆದಿರುವ ಜಗಳ ಮುಕ್ಕಾಲು ಶತಮಾನವಾದರೂ ಮುಗಿದಿಲ್ಲ.

ಇದು ಹ್ಯಾಮ್ ರೇಡಿಯೊ ಸ್ಪರ್ಧೆ. ಕೊಟ್ಟ ಅವಧಿಯಲ್ಲಿ ಆದಷ್ಟು ಹೆಚ್ಚು ಜನರನ್ನು, ಆದಷ್ಟು ಹೆಚ್ಚು ದೇಶಗಳನ್ನು ರೇಡಿಯೊದಲ್ಲಿ ಸಂಪರ್ಕಿಸಬೇಕು. ಪರಸ್ಪರರ ಕರೆಸಂಕೇತ ಮತ್ತು ಒಂದು ಪುಟ್ಟ ಮಾಹಿತಿಯನ್ನು ತಪ್ಪಿಲ್ಲದೆ ಕೇಳಿ ಬರೆದುಕೊಳ್ಳಬೇಕು. ಆ ದಾಖಲೆಗೆ ಲಾಗ್ ಅಂತಾರೆ. ಇಡೀ ಪಂದ್ಯದ ಮರ್ಯಾದೆ ನಿಂತಿರೋದು ಅದರ ಮೇಲೆ.

ನಮ್ಮ ದೇಶದಲ್ಲಿ ಲಾಗ್‌ಗೆ ಇನ್ನೊಂದು ಚರಿತ್ರೆಯೂ ಇದೆ. ಭಾರತದ ಮೊದಲ ಹ್ಯಾಮ್ ಅಮರೇಂದ್ರ ಚಂದ್ರ ಗುಪ್ತು ಅವರಿಗೆ ಲೈಸೆನ್ಸ್ ಸಿಕ್ಕಿದ್ದು 1921ರಲ್ಲಿ, ಕಲ್ಕತ್ತಾದಲ್ಲಿ. ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದರು. ಅದರ ಕರೆಸಂಕೇತ ವಿಯು6ಎಎಚ್. ಹವ್ಯಾಸಕ್ಕೂ ಪ್ರಸಾರಕ್ಕೂ ನಡುವಿನ ಗೆರೆ ಆಗ ಅಷ್ಟು ತೆಳುವಾಗಿತ್ತು. 1939ರಲ್ಲಿ ಯುದ್ಧ ಬಂತು, ಸರ್ಕಾರ ಹ್ಯಾಮ್ ಲೈಸೆನ್ಸ್‌ಗಳನ್ನೆಲ್ಲ ರದ್ದು ಮಾಡಿತು. ಮೂರು ವರ್ಷದ ನಂತರ ಉಷಾ ಮೆಹ್ತಾ ಅವರ ಭೂಗತ ಕಾಂಗ್ರೆಸ್ ರೇಡಿಯೊಗೆ ಟ್ರಾನ್ಸ್‌ಮಿಟರ್ ಕಟ್ಟಿಕೊಟ್ಟವರು ನರಿಮನ್ ಪ್ರಿಂಟರ್ ಎಂಬ ಮುಂಬೈ ಹ್ಯಾಮ್. ಮನೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟವನ ಮೇಲೆ ಸರ್ಕಾರಕ್ಕೆ ಯಾಕೆ ಅನುಮಾನ ಅಂತ ಇದರಲ್ಲೇ ಗೊತ್ತಾಗುತ್ತೆ.

ಸ್ವಾತಂತ್ರ್ಯದ ನಂತರವೂ ಆ ಅನುಮಾನ ಪೂರ್ತಿ ಹೋಗಲಿಲ್ಲ. 1978ರ ಹವ್ಯಾಸಿ ಸೇವಾ ನಿಯಮಗಳ ಪ್ರಕಾರ ಪರೀಕ್ಷೆ ಪಾಸಾಗಬೇಕು, ಲೈಸೆನ್ಸ್ ಬೇಕು, ಗೂಢಭಾಷೆ ಬಳಸುವಂತಿಲ್ಲ, ಲಾಗ್ ಇಡಲೇಬೇಕು. ಅಂದ್ರೆ ಲಾಗ್ ಅನ್ನೋದು ಇನ್ಸ್‌ಪೆಕ್ಟರ್ ಬಂದರೆ ತೋರಿಸೋಕೆ ಇಟ್ಟ ಪುಸ್ತಕ. ಸ್ಪರ್ಧೆ ಅದೇ ಪುಸ್ತಕಕ್ಕೆ ಬೇರೆ ಕೆಲಸ ಕೊಟ್ಟಿತು. ಒಬ್ಬರನ್ನೊಬ್ಬರು ನೋಡದ ಜನ ಒಬ್ಬರನ್ನೊಬ್ಬರು ನಂಬೋಕೆ ಅದು ಆಧಾರವಾಯಿತು.

ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್ 1920ರ ದಶಕದ ಕೊನೆಗೇ ಅಂತರರಾಷ್ಟ್ರೀಯ ಸ್ಪರ್ಧೆ ನಡೆಸಿತ್ತು. ಇವತ್ತಿನ ಅತಿ ದೊಡ್ಡ ಪಂದ್ಯ 'ಸಿಕ್ಯು ವರ್ಲ್ಡ್ ವೈಡ್' ಶುರುವಾದದ್ದು 1948ರಲ್ಲಿ. ನಮ್ಮ ಹವ್ಯಾಸಿ ರೇಡಿಯೊ ಸೊಸೈಟಿ ಹುಟ್ಟಿದ್ದೂ ಅದೇ ವರ್ಷ. ಅಕ್ಟೋಬರ್ ಕೊನೆಯ ವಾರಾಂತ್ಯ ಮಾತಿನ ಪಂದ್ಯ, ನವೆಂಬರ್ ಕೊನೆಯದು ಮೋರ್ಸ್ ಪಂದ್ಯ. ಇಲ್ಲಿ ಜಗತ್ತನ್ನು 40 ವಲಯಗಳಾಗಿ ಹಂಚಿದ್ದಾರೆ, ನಾವಿರೋದು 22ನೆಯದರಲ್ಲಿ.

ಮೊದಲ ತಕರಾರು ಅಂಕದ್ದು. ಬೇರೆ ಖಂಡದ ಸಂಪರ್ಕಕ್ಕೆ 3 ಅಂಕ, ಅದೇ ಖಂಡದ ಬೇರೆ ದೇಶಕ್ಕೆ 1. ಹತ್ತರಗಿಯ ಮಾಳಿಗೆ ಮೇಲೆ ಆಂಟೆನಾ ಕಟ್ಟಿದವನ ಲೆಕ್ಕ ನೋಡಿ. ಗ್ರೀಸಿನ ಅಥೆನ್ಸ್ ಸಿಕ್ಕರೆ 3. ಅದಕ್ಕಿಂತ ದೂರದ ಟೋಕಿಯೋ ಸಿಕ್ಕರೆ 1, ಯಾಕಂದ್ರೆ ಜಪಾನೂ ಏಷ್ಯಾ! ಅತ್ತ ಉತ್ತರ ಅಮೆರಿಕದ ದೇಶಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡರೂ 2 ಅಂಕ, ಅವರಿಗೆ ಮಾತ್ರ ವಿನಾಯಿತಿ. ದೂರ ಅಳೆದು ಅಂಕ ಕೊಡಿ ಅನ್ನೋರಿದ್ದಾರೆ. 160 ಮೀಟರ್ ಬ್ಯಾಂಡಿನ 'ಸ್ಟ್ಯೂ ಪೆರ್ರಿ' ಸ್ಪರ್ಧೆ ಹಾಗೇ ನಡೆಯುತ್ತೆ. ಆದರೆ ಅಂಕದ ಸೂತ್ರ ಬದಲಾದರೆ ಹಳೆಯ ದಾಖಲೆಗಳನ್ನೆಲ್ಲ ಹೊಸದರ ಜೊತೆ ಹೋಲಿಸೋದು ಹೇಗೆ? ಅಲ್ಲಿಗೆ ಮಾತು ನಿಲ್ಲುತ್ತೆ.

ಎರಡನೆಯದು ಶಕ್ತಿಯದು. ಸಿಕ್ಯು ಪಂದ್ಯದ ಮೇಲಿನ ಮಿತಿ 1500 ವ್ಯಾಟ್, ಆದರೆ ನಿಮ್ಮ ದೇಶದ ಕಾನೂನು ಅದಕ್ಕಿಂತ ಕಡಿಮೆ ಹೇಳಿದರೆ ಅಷ್ಟೇ. ನಮ್ಮಲ್ಲಿ ಜನರಲ್ ದರ್ಜೆಗೂ 400. ಯಾರಾದರೂ ರಾತ್ರಿ ಆಂಪ್ಲಿಫೈಯರ್‌ನ ಗುಂಡಿಯನ್ನು ಇನ್ನೊಂದಿಷ್ಟು ತಿರುವಿದರೆ ನೋಡೋರು ಯಾರು?

ದೊಡ್ಡ ಜಗಳ ಮಾತ್ರ ಕಿವಿಯದು. ಮೊದಲೆಲ್ಲ ಡಯಲ್ ತಿರುವುತ್ತಾ ಗದ್ದಲದೊಳಗೆ ಕ್ಷೀಣ ದನಿಯನ್ನು ಹುಡುಕೋದೇ ಆಟವಾಗಿತ್ತು. 1980ರ ದಶಕದಲ್ಲಿ ಕಂಪ್ಯೂಟರ್ ಜಾಲಗಳು ಬಂದವು. "ಇಂಥ ಅಪರೂಪದ ದೇಶ ಇಂಥ ಫ್ರೀಕ್ವೆನ್ಸಿಯಲ್ಲಿದೆ" ಅಂತ ಒಬ್ಬರು ಹಾಕಿದರೆ ಸಾವಿರ ಜನ ಅಲ್ಲಿಗೆ ಮುಗಿಬೀಳೋರು. ಹುಡುಕಿದ್ದು ಯಾರು, ಅಂಕ ಯಾರಿಗೆ? ಒಂದು ರಾಜಿಯಾಯಿತು. ನೆರವು ಪಡೆದವರಿಗೆ ಬೇರೆ ವಿಭಾಗ. 2008ರಲ್ಲಿ ಸಿಡಬ್ಲ್ಯು ಸ್ಕಿಮ್ಮರ್ ಬಂದು ಆ ರಾಜಿಯನ್ನೂ ಅಲ್ಲಾಡಿಸಿತು. ಅದು ಬ್ಯಾಂಡಿನಲ್ಲಿರುವ ಮೋರ್ಸ್ ಸಂಕೇತಗಳನ್ನೆಲ್ಲ ಒಂದೇ ಸಲಕ್ಕೆ ಓದಿ ಪಟ್ಟಿ ಕೊಡುವ ಸಾಫ್ಟ್‌ವೇರ್. ಇದರಲ್ಲಿ ಬೇರೆ ಮನುಷ್ಯನ ನೆರವಿಲ್ಲ, ನನ್ನದೇ ರೇಡಿಯೊ, ನನ್ನದೇ ಕಂಪ್ಯೂಟರ್ ಅಂತ ಒಂದು ಗುಂಪು ವಾದಿಸಿತು. ಕೇಳಿದ್ದು ನಿನ್ನ ಕಿವಿಯಲ್ಲವಲ್ಲ ಅಂತ ಇನ್ನೊಂದು. ಕೊನೆಗೆ ಸ್ಕಿಮ್ಮರ್ ಕೂಡ ನೆರವೇ ಅಂತ ತೀರ್ಮಾನವಾಯಿತು. 2017ರಲ್ಲಿ ನೊಬೆಲ್ ವಿಜೇತ ಭೌತವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ ಎಫ್‌ಟಿ8 ತಂದರು. ಕಿವಿಗೆ ಕೇಳಿಸದ ಸಂಕೇತವನ್ನೂ ಕಂಪ್ಯೂಟರ್ ಓದುವ ವಿಧಾನ ಇದು. ಈಗ ಪ್ರಶ್ನೆ ಇನ್ನೂ ಚೂಪಾಗಿದೆ: ಆಡುತ್ತಿರೋದು ಮನುಷ್ಯನಾ, ಯಂತ್ರನಾ? ಆಫೀಸಿನಲ್ಲಿ ಎಐ ಬರೆದ ಕೋಡ್ ಯಾರದ್ದು ಅಂತ ತಲೆಕೆರೆದುಕೊಳ್ಳುವ ನಮಗೆ ಈ ಪ್ರಶ್ನೆ ಹೊಸದೇನಲ್ಲ.

ಎಲ್ಲರೂ ಸೇರಿ ಒಪ್ಪಿಕೊಂಡ ಒಂದು ಸುಳ್ಳೂ ಇದರಲ್ಲಿದೆ. ಪಂದ್ಯದಲ್ಲಿ ಎಲ್ಲರೂ ಎಲ್ಲರಿಗೂ "59", ಅಂದ್ರೆ "ದನಿ ಸ್ಪಷ್ಟ, ಪ್ರಬಲ" ಅನ್ನುತ್ತಾರೆ. "ನೀವು 59. ಕರೆಸಂಕೇತ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ" ಅನ್ನೋದು ಮಾಮೂಲು. ಯಾರಿಗೂ ಮೋಸವಾಗದ ಕಾರಣ ಇದನ್ನು ಯಾರೂ ತಪ್ಪು ಅನ್ನಲ್ಲ. ಆದರೆ ಕರೆಸಂಕೇತದ ಒಂದು ಅಕ್ಷರ ತಪ್ಪಿದರೆ ಕ್ಷಮೆಯಿಲ್ಲ. ಎಲ್ಲರ ಲಾಗ್‌ಗಳನ್ನೂ ಕಂಪ್ಯೂಟರ್ ಒಂದಕ್ಕೊಂದು ಹೋಲಿಸುತ್ತೆ. ನಾನು ಬರೆದದ್ದು ಆಚೆಯವರ ಲಾಗ್‌ನಲ್ಲಿ ಇಲ್ಲವಾದರೆ ಆ ಸಂಪರ್ಕ ಹೋಗುತ್ತೆ, ಮೇಲೆ ದಂಡವಾಗಿ ಇನ್ನಷ್ಟು ಅಂಕವೂ ಹೋಗುತ್ತೆ. ಹೀಗೆ ಪ್ರತಿ ಎದುರಾಳಿಯೂ ಗೊತ್ತಿಲ್ಲದೇ ನನಗೊಬ್ಬ ಸಾಕ್ಷಿ. ಆದರೂ ಲಾಗ್‌ನಲ್ಲಿ ವ್ಯಾಟ್ ಕಾಣಲ್ಲ, ಪಕ್ಕದ ಪರದೆಯ ಮೇಲೆ ಏನಿತ್ತು ಅಂತಲೂ ಖಚಿತವಾಗಿ ಗೊತ್ತಾಗಲ್ಲ. 1990ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ವಿಶ್ವ ತಂಡ ಚಾಂಪಿಯನ್‌ಶಿಪ್‌ನಲ್ಲಿ ಆಟಗಾರರ ಪಕ್ಕದಲ್ಲೇ ರೆಫರಿ ಕೂರುತ್ತಾರೆ. ಸಾವಿರಾರು ಮನೆಗಳಿಗೆ ಹಾಗೆ ರೆಫರಿಗಳನ್ನು ಕಳಿಸೋದು ಆಗದ ಮಾತು.

ಸರ್ಟಿಫಿಕೇಟಿಗಾಗಿ ಇಷ್ಟೆಲ್ಲ ಬೇಕಾ? 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಿಂದ ಅಪರೂಪದ ಅಂಡಮಾನ್ ಸಂಪರ್ಕಗಳನ್ನು ಜಗತ್ತಿಗೆ ಹಂಚುತ್ತಿತ್ತು. 26ರ ಬೆಳಗ್ಗೆ ಸುನಾಮಿ ಬಡಿಯಿತು. ಅದೇ ಸೆಟ್ಟು, ಅದೇ ಕಿವಿಗಳು ಅವತ್ತಿನಿಂದ ಬದುಕಿದವರ ಸುದ್ದಿ ದಾಟಿಸೋಕೆ ನಿಂತವು. ಗದ್ದಲದ ನಡುವೆ ಒಂದು ಅಕ್ಷರವನ್ನೂ ತಪ್ಪದೆ ಬರೆದುಕೊಳ್ಳುವ ರೂಢಿ ಅಂಥ ದಿನ ಒಮ್ಮೆಗೇ ಬರಲ್ಲ. ಯಾರೂ ನೋಡದಿದ್ದಾಗ, ಬರೀ ಆಟಕ್ಕಾಗಿ, ನಿಜವಾಗಿ ಕೇಳಿಸಿದ್ದನ್ನಷ್ಟೇ ಬರೆದವರಿಗೆ ಅದು ಕೈಗೆ ಹತ್ತಿರುತ್ತೆ.